ನಿಂಬೆ ಬಣ್ಣದ ಮರಿಗಳು

ಮಾಲೂರು
೧೨ ಫೆಬ್ರವರಿ ೨೦೨೫

ಮೌನಿಕಾ,

ನೀನು ನನ್ನ ನಂಬರು ಬ್ಲಾಕ್ ಮಾಡಿ ಹತ್ತು ತಿಂಗಳಾಯಿತು. ಅದಕ್ಕೇ ಈ ರಿಜಿಸ್ಟರ್ ಪತ್ರ. ಸಹಿ ಹಾಕಿ ತೆಗೆದುಕೊಂಡ ಮೇಲೆ ಸಿಗಲಿಲ್ಲ ಎನ್ನಲು ಬರುವುದಿಲ್ಲ.

ಕಳೆದ ಗುರುವಾರ ನಾನು ಕೆಲಸ ಮಾಡುವ ಪ್ರಾಣಿಗಳ ಆಸ್ಪತ್ರೆಗೆ ಹೋಳೂರಿನಿಂದ ಗಂಗಾ ಎಂಬುವರು ಬಂದಿದ್ದರು. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಟಿಫಿನ್ ಡಬ್ಬಿಯಲ್ಲಿ ಬಟ್ಟೆ ಹಾಸಿ ಒಂದು ಲೆಪರ್ಡ್ ಗೆಕ್ಕೊ ತಂದಿದ್ದರು. ನಾಯಿ, ಬೆಕ್ಕು ಹಿಡಿದು ಕಾಯುತ್ತಿದ್ದವರು "ಹಲ್ಲಿಗೂ ಡಾಕ್ಟ್ರಾ?" ಎಂದು ನಕ್ಕರು. ಮುಚ್ಚಳ ತೆಗೆದ ಕೂಡಲೇ ನನಗೆ ಗೊತ್ತಾಯಿತು. ಆ ಹಾಲುಬಿಳುಪು, ಅದರ ಮೇಲೆ ನಿಂಬೆಹಣ್ಣಿನ ಹಳದಿ. ನಮ್ಮ ನಿಂಬೆಯ ಮಗಳು. ಹೊಟ್ಟೆಯ ಕೆಳಗೆ ಬಿಳಿ ಗಂಟುಗಳು, ಮೆಂತ್ಯದ ಕಾಳಿನಷ್ಟು ಹಲವು, ಕಡಲೆಯಷ್ಟು ಎರಡು. ಒಂದು ಒಡೆದು ಕೀವು ಸೋರುತ್ತಿತ್ತು. ಎಲ್ಲಿಂದ ತಂದಿರಿ ಎಂದು ಕೇಳಿದೆ. ನಿನ್ನ ಹೆಸರು ಹೇಳಿದರು.

ನಿಂಬೆಯನ್ನು ತಂದದ್ದು ನಿನ್ನ ತಮ್ಮ ಆಂಜಿಗೋಸ್ಕರ. ಗಾಲಿಕುರ್ಚಿಯಲ್ಲಿ ಕೂತ ಹುಡುಗನ ತೊಡೆ ನಾಯಿಮರಿಯ ಭಾರವನ್ನೂ ತಡೆಯುತ್ತಿರಲಿಲ್ಲ. ಅರವತ್ತು ಗ್ರಾಂ ತೂಗುವ ಈ ಪ್ರಾಣಿ ಅವನ ಅಂಗೈಮೇಲೆ ಕಣ್ಣು ಮಿಟುಕಿಸುತ್ತ ಗಂಟೆಗಟ್ಟಲೆ ಕೂರುತ್ತಿತ್ತು. ಅವನು ಹೋದ ಮೇಲೆ ನಿಮ್ಮ ತಾರಸಿಯ ಕೋಣೆಯಲ್ಲಿ ನಾವಿಬ್ಬರೂ ಮರಿ ಮಾಡಿಸಿ ಮಾರತೊಡಗಿದೆವು. ಆಗ ನಮಗೆ ತಿಳಿದಿರಲಿಲ್ಲ. ಹೋದ ಏಪ್ರಿಲ್‌ನಲ್ಲಿ ನಾನು ಓದಿ ನಿನಗೆ ತೋರಿಸಿದೆ. ಈ ಬಣ್ಣ ಬೇರೆ, ರೋಗ ಬೇರೆ ಅಲ್ಲ. ಬಣ್ಣ ಕೊಡುವ ಗುಣವೇ ಗಂಟನ್ನೂ ಕೊಡುತ್ತದೆ, ಹತ್ತರಲ್ಲಿ ಎಂಟಕ್ಕೆ. ಮರಿಗಳಲ್ಲಿ ಅರ್ಧಕ್ಕೆ ಆ ಬಣ್ಣ ಇಳಿಯುತ್ತದೆ. ನೀನು ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟು "ಹೊಟ್ಟೆಕಿಚ್ಚು ಕಣೇ ನಿಂಗೆ" ಎಂದೆ.

ನಿಂಬೆಯನ್ನು ಹೆಣ್ಣುಗಳ ಜತೆ ಬಿಡುವುದು ನಿಲ್ಲಿಸು. ಕೊಂಡವರಿಗೆಲ್ಲ ನೀನೇ ಹೇಳು.

ಪವಿತ್ರ


ಶ್ರೀನಿವಾಸಪುರ
೨೪ ಮಾರ್ಚ್ ೨೦೨೫

ಪವಿತ್ರಾ,

ನಿನ್ನ ಪತ್ರವನ್ನು ಪೋಸ್ಟ್‌ಮ್ಯಾನ್ ಮುನಿಯಲ್ಲಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿ ಕೊಟ್ಟುಹೋದರು. ಅಪ್ಪ ಕೋರ್ಟಿನ ನೋಟಿಸು ಎಂದುಕೊಂಡು ಊಟ ಬಿಟ್ಟು ಎದ್ದುಬಂದರು. ನಿನಗೆ ಅದೇ ಬೇಕಿತ್ತೇನೋ.

ನೀನು ಡಾಕ್ಟರಲ್ಲ. ಬೋನು ತೊಳೆಯುತ್ತೀಯ, ನಾಯಿಗಳ ಬಾಯಿ ಕಟ್ಟಿ ಹಿಡಿಯುತ್ತೀಯ. ಅದನ್ನು ನೆನಪಿಟ್ಟುಕೊಂಡು ಬರೆ. ನಿಂಬೆಗೆ ಐದು ವರ್ಷ ದಾಟಿತು, ಮೈಮೇಲೆ ಒಂದು ಗಂಟಿಲ್ಲ. ಹೋಳೂರಿನವರು ಏನು ತಿನ್ನಿಸಿದರೋ ಯಾರಿಗೆ ಗೊತ್ತು. ಈಗ ನನ್ನ ಪೆಟ್ಟಿಗೆಯಲ್ಲಿ ಎಂಟು ಮೊಟ್ಟೆಗಳಿವೆ. ಮೇ ತಿಂಗಳಲ್ಲಿ ಒಡೆಯುತ್ತವೆ. ನಿನ್ನ ಅಪ್ಪಣೆ ಕೇಳಿ ಒಡೆಯುವುದಿಲ್ಲ.

ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುತ್ತೇನೆ, ನನ್ನ ಮದುವೆ ಗೊತ್ತಾಗಿದೆ. ಹುಡುಗ ಕದಿರೇಶ್, ಮುಳಬಾಗಿಲಿನ ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಮನೆ ತಾಯಲೂರಿನಲ್ಲಿ. ತಾಯಿ ಶ್ಯಾಮಲಮ್ಮ ದಿನಾ ಅಮ್ಮನಿಗೆ ಫೋನು ಮಾಡಿ ಸೊಸೆ ಊಟ ಮಾಡಿದಳಾ ಎಂದು ಕೇಳುತ್ತಾರೆ. ಜೂನ್ ಮೊದಲ ವಾರ ಲಗ್ನ. ನೀನು ಬರುವುದು ಬೇಡ.

ಇನ್ನೊಂದು ಮಾತು. ಆಂಜಿಯ ಹೆಸರನ್ನು ನಿನ್ನ ಉಪದೇಶದ ನಡುವೆ ಎಳೆದು ತಂದೆಯಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಕೊನೆಯ ತಿಂಗಳಲ್ಲಿ ನೀನು ಪ್ರತಿ ಭಾನುವಾರ ಬಸ್ಸು ಹತ್ತಿ ಬಂದು ಅವನ ಪಕ್ಕ ಕೂರುತ್ತಿದ್ದೆ. ನೀನು ಕೈ ತೊಳೆಯಲು ಹೋದಾಗ ಅವನು ಪ್ರತಿ ಸಲ ನನ್ನನ್ನು ಕೇಳುತ್ತಿದ್ದ, "ಆಯಮ್ಮ ಯಾವಾಗ್ ಹೋಗ್ತಾಳಕ್ಕಾ? ಹೆಣ ನೋಡ್ದಂಗೆ ನೋಡ್ತಾಳೆ. ಸಾಕಾಗೋಯ್ತು."

ಮೌನಿಕಾ


ಮಾಲೂರು
೨೧ ಏಪ್ರಿಲ್ ೨೦೨೫

ಮೌನಿಕಾ,

ಗಂಗಾ ಅವರ ಗೆಕ್ಕೊವನ್ನು ಮೊನ್ನೆ ಶನಿವಾರ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿದರು. ಗಂಟು ಬಾಯೊಳಗೂ ಬಂದಿತ್ತು, ಹುಳು ಹಿಡಿದರೂ ನುಂಗಲು ಆಗುತ್ತಿರಲಿಲ್ಲ. ಹಿಡಿದುಕೊಂಡವಳು ನಾನು. ಬೋನು ತೊಳೆಯುವವಳ ಕೆಲಸವೇ ಅದು. ಗಂಗಾ ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದರು.

ಅವರ ಮೂಲಕ ನಿನ್ನಿಂದ ಕೊಂಡ ಇನ್ನೂ ಮೂವರು ಸಿಕ್ಕರು. ಕೋಲಾರದ ಒಂದು ಮನೆಯಲ್ಲಿ ನೋಡಿದ ಗೆಕ್ಕೊಗೆ ಕಣ್ಣಿನ ರೆಪ್ಪೆಯ ಮೇಲೆ ಗಂಟಿತ್ತು. ಆ ಮನೆಯವರು ಅದನ್ನು ಅದೃಷ್ಟದ ಮಚ್ಚೆ ಎಂದುಕೊಂಡು ಅರಿಶಿನ ಹಚ್ಚುತ್ತಿದ್ದರು.

ಎಂಟು ಮೊಟ್ಟೆಗಳನ್ನೂ ಫ್ರೀಜರಿನಲ್ಲಿಡು. ಬದುಕಿ ನರಳುವುದಕ್ಕಿಂತ ಅದು ಮೇಲು.

ಆಂಜಿಯ ಮಾತಿಗೆ ನಾನು ಉತ್ತರ ಕೊಡುವುದಿಲ್ಲ. ಆದರೆ ಒಂದು ಪ್ರಶ್ನೆ ಇದೆ. ನಿನ್ನ ತಮ್ಮನಿಗಿದ್ದದ್ದು ಸ್ನಾಯು ಕರಗುವ ರೋಗ, ಹುಟ್ಟಿನಿಂದಲೇ ರಕ್ತದಲ್ಲಿ ಬಂದದ್ದು. ಊರಿಗೆಲ್ಲ ನೀವು ಮಾವಿನ ಮರದಿಂದ ಬಿದ್ದ ಎಂದಿರಿ. ಅವನು ಸಾಯುವವರೆಗೆ, ಸತ್ತ ಮೇಲೂ, ನಾನು ನಿಮ್ಮ ಜತೆ ನಿಂತು ಅದೇ ಸುಳ್ಳು ಹೇಳಿದೆ. ತಾಯಲೂರಿನವರಿಗೂ ಮರದ ಕಥೆಯನ್ನೇ ಹೇಳಿದ್ದೀರಾ?

ಪವಿತ್ರ


ಮಾಲೂರು
೧೦ ಮೇ ೨೦೨೫

ಪೂಜ್ಯ ಶ್ಯಾಮಲಮ್ಮನವರಿಗೆ, ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ನಿಮ್ಮ ಮಗ ಕದಿರೇಶ್ ಅವರಿಗೆ ಗೊತ್ತಾಗಿರುವ ಹುಡುಗಿ ಮೌನಿಕಾಳ ಜತೆ ನಾನು ಹೈಸ್ಕೂಲಿನಿಂದ ಓದಿದವಳು. ಹೆಸರಿಲ್ಲದ ಕಾಗದ ಬರೆಯುವ ಜಾತಿ ನನ್ನದಲ್ಲ, ಕೊನೆಯಲ್ಲಿ ಹೆಸರು, ವಿಳಾಸ ಎರಡೂ ಇವೆ.

ಮೌನಿಕಾಳ ತಮ್ಮ ಆಂಜಿ ಹತ್ತೊಂಬತ್ತು ವರ್ಷಕ್ಕೆ ತೀರಿಕೊಂಡದ್ದು ಮರದಿಂದ ಬಿದ್ದು ಅಲ್ಲ. ಅವನು ಮರ ಹತ್ತಿದವನೇ ಅಲ್ಲ. ಎಂಟು ವರ್ಷಕ್ಕೆ ಓಡಲಾರದಾದ, ಹನ್ನೊಂದಕ್ಕೆ ನಡೆಯಲಾರದಾದ, ಕೊನೆಗೆ ಉಸಿರೆಳೆಯುವ ಶಕ್ತಿಯೂ ಎದೆಗೆ ಉಳಿಯಲಿಲ್ಲ. ಇದು ವಂಶದಲ್ಲಿ ಬರುವ ರೋಗ. ತಾಯಿಯಿಂದ ಗಂಡುಮಕ್ಕಳಿಗೆ ಇಳಿಯುತ್ತದೆ. ಹೆಣ್ಣುಮಕ್ಕಳು ನೋಡಲು ಆರೋಗ್ಯವಾಗಿಯೇ ಇದ್ದು ತಮ್ಮ ಗಂಡುಮಕ್ಕಳಿಗೆ ಅದನ್ನು ಕೊಡಬಹುದು.

ತಿಳಿದೂ ಸುಮ್ಮನಿದ್ದರೆ ನಿಮ್ಮ ಮೊಮ್ಮಗನ ಪಾಪ ನನಗೂ ಬರುತ್ತದೆ ಎಂದು ಬರೆದಿದ್ದೇನೆ. ವಿಚಾರಿಸಿಕೊಳ್ಳುವುದು ನಿಮಗೆ ಬಿಟ್ಟದ್ದು.

ಇತಿ ತಮ್ಮ ಹಿತೈಷಿ,
ಪವಿತ್ರ


ಶ್ರೀನಿವಾಸಪುರ
೧೧ ಮೇ ೨೦೨೫, ಭಾನುವಾರ

ಪವಿ,

ನಿನ್ನ ಪತ್ರ ಓದಿದ ದಿನವೇ ಎಂಟೂ ಮೊಟ್ಟೆಗಳನ್ನು ಫ್ರಿಜ್ಜಿನ ಮುಂದೆ ತಂದಿಟ್ಟುಕೊಂಡೆ. ಇಡುವ ಮೊದಲು ಒಂದು ಸಲ ಟಾರ್ಚ್ ಹಿಡಿದು ನೋಡಿದೆ. ಅದೇ ತಪ್ಪಾಯಿತು. ಒಳಗಿದ್ದದ್ದು ಬೆಳಕಿಗೆ ಬೆನ್ನು ತಿರುಗಿಸಿ ಹೊರಳಿತು. ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಅಮ್ಮ ಬಂದು "ಹಾಲ್ ಒಡ್ದೋಗ್ತದೆ ಮುಚ್ಚೇ" ಎಂದು ಬೈದಳು. ಎಲ್ಲವನ್ನೂ ವಾಪಸ್ ಪೆಟ್ಟಿಗೆಯಲ್ಲಿಟ್ಟೆ.

ಒಂದು ಮೊಟ್ಟೆ ಬೂಸಲು ಹಿಡಿಯಿತು. ಈ ವಾರ ಮೂರು ಮರಿಗಳು ಬಂದಿವೆ, ಇನ್ನು ನಾಲ್ಕು ಬರಬೇಕು. ಬಂದ ಮೂರರಲ್ಲಿ ಎರಡಕ್ಕೆ ನಿಂಬೆಯ ಬಣ್ಣ. ಮೊದಲನೆಯದು ಪೊರೆ ಬಿಟ್ಟು ಅದನ್ನೇ ತಿಂದು ಮೂತಿ ನೆಕ್ಕಿಕೊಂಡಿತು. ಮೂರನೆಯದು ಪೊರೆ ಬಿಟ್ಟು ನಾಲ್ಕು ದಿನವಾಯಿತು, ಏನನ್ನೂ ಮುಟ್ಟುತ್ತಿಲ್ಲ. ಬಾಲ ತೆಳ್ಳಗಾಗುತ್ತಿದೆ. ನೀನಿದ್ದಾಗ ಇಂಥವನ್ನು ತಿನ್ನಿಸುತ್ತಿದ್ದವಳು ನೀನೇ. ಏನು ಮಾಡಲಿ?

ನೀನು ಹೇಳಿದ್ದು ಸರಿ. ನಿಂಬೆಯನ್ನು ಇನ್ನು ಯಾವ ಹೆಣ್ಣಿನ ಹತ್ತಿರವೂ ಬಿಡುವುದಿಲ್ಲ. ಮದುವೆ ಮುಗಿಯುತ್ತಲೇ ಕೊಂಡವರ ಮನೆಗಳಿಗೆಲ್ಲ ಹೋಗಿ ಹೇಳುತ್ತೇನೆ. ಕದಿರೇಶ್ ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ. ಅವರಿಗೆ ಎಲ್ಲ ಗೊತ್ತು, ನೀನು ಕೇಳಿದ ಪ್ರಶ್ನೆಯ ವಿಷಯವೂ. ಅದನ್ನು ಎದುರಿಗೆ ಹೇಳುತ್ತೇನೆ. ಆಂಜಿಯ ಬಗ್ಗೆ ನಾನು ಬರೆದದ್ದನ್ನೂ ಎದುರಿಗೇ ಮಾತಾಡಬೇಕು.

ಲಗ್ನಪತ್ರಿಕೆ ಇಟ್ಟಿದ್ದೇನೆ. ಬಾ. ನಿನ್ನ ನಂಬರು ಬ್ಲಾಕಿನಿಂದ ತೆಗೆದಿದ್ದೇನೆ, ಈ ಪತ್ರ ಸಿಕ್ಕ ಕೂಡಲೇ ಫೋನ್ ಮಾಡು.

ನಿನ್ನ
ಮೌನಿ


ಮಾಲೂರು
೧೯ ಮೇ ೨೦೨೫

ಮೌನಿಕಾ,

ಪತ್ರ ಸಿಕ್ಕಿತು.

ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಸ್ವಲ್ಪ ಉಳಿದಿರುತ್ತದೆ, ನಾಲ್ಕೈದು ದಿನ ತಿನ್ನದಿದ್ದರೂ ತಡೆಯುತ್ತದೆ. ಆಮೇಲೂ ತಿನ್ನದಿದ್ದರೆ ಹುಳುವಿನ ತಲೆ ಜಜ್ಜಿ ಅದರ ರಸವನ್ನು ಮರಿಯ ಮೂತಿಗೆ ಸವರು. ನೆಕ್ಕುತ್ತದೆ, ನೆಕ್ಕುತ್ತ ಕಚ್ಚುತ್ತದೆ. ಬಲವಂತವಾಗಿ ಬಾಯಿ ಬಿಡಿಸಬೇಡ, ದವಡೆ ಹೋಗುತ್ತದೆ. ಹುಳು ಮರಿಯ ತಲೆಯ ಅಗಲಕ್ಕಿಂತ ದಪ್ಪ ಇರಬಾರದು. ಕೊಡುವ ಮುಂಚೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸು.

ಒಂದೊಂದಕ್ಕೂ ಬೇರೆ ಡಬ್ಬ. ಜಾಗವಿಲ್ಲವೆಂದು ಎರಡನ್ನು ಒಟ್ಟಿಗೆ ಹಾಕಿದರೆ ಒಂದು ಇನ್ನೊಂದರ ಬಾಲ ಕಿತ್ತು ತಿನ್ನುತ್ತದೆ. ಮರಳು ಬೇಡ, ಟಿಶ್ಯೂ ಪೇಪರ್ ಹಾಸು. ಡಬ್ಬದ ಒಂದು ಬದಿ ಮೂವತ್ತೆರಡು ಡಿಗ್ರಿ ಬೆಚ್ಚಗಿರಲಿ, ಇನ್ನೊಂದು ಬದಿ ತಂಪಾಗಿರಲಿ, ಎಲ್ಲಿರಬೇಕೆಂದು ಅದೇ ಆರಿಸಿಕೊಳ್ಳುತ್ತದೆ. ಒದ್ದೆ ಪೇಪರ್ ಹಾಕಿದ ಒಂದು ಪುಟ್ಟ ಗೂಡು ಬೇಕು, ಇಲ್ಲದಿದ್ದರೆ ಪೊರೆ ಬೆರಳಿಗೆ ಸುತ್ತಿಕೊಂಡು ಬೆರಳೇ ಒಣಗಿ ಉದುರುತ್ತದೆ. ಮೊದಲ ತಿಂಗಳು ಕೈಗೆತ್ತಿಕೊಂಡು ಆಡಿಸಬೇಡ. ವಾರಕ್ಕೊಮ್ಮೆ ತೂಕ ನೋಡು. ಎರಡು ತಿಂಗಳು ತುಂಬುವ ಮೊದಲು ಯಾವುದನ್ನೂ ಯಾರಿಗೂ ಕೊಡಬೇಡ. ಬಣ್ಣದವನ್ನು ಎಂದಿಗೂ ಕೊಡಬೇಡ.

ಮದುವೆಗೆ ಬರಲಾಗುವುದಿಲ್ಲ. ಇಲ್ಲಿ ರಜೆ ಸಿಗುವುದಿಲ್ಲ.

ಪವಿತ್ರ


ಶ್ರೀನಿವಾಸಪುರ
೧೪ ಜೂನ್ ೨೦೨೫

ಪವಿತ್ರಾ,

ನಿನ್ನ ಮರಿ ಸಾಕುವ ಪತ್ರ ನನಗೆ ಸಿಕ್ಕಿದ್ದು ಮೇ ಇಪ್ಪತ್ತೆರಡಕ್ಕೆ. ಇನ್ನೊಂದು ಪತ್ರವನ್ನು ಅದಕ್ಕೆ ಐದು ದಿನ ಮೊದಲೇ ಓದಿದ್ದೆ.

ಹದಿನೇಳರಂದು ಶ್ಯಾಮಲಮ್ಮ ಮತ್ತು ಕದಿರೇಶ್ ಇಬ್ಬರೂ ಬಂದರು. ಸೀರೆ ನೋಡಲು ಬಂದಿದ್ದಾರೆ ಎಂದುಕೊಂಡು ಅಮ್ಮ ಎಲ್ಲ ಸೀರೆಗಳನ್ನೂ ಚಾಪೆಯ ಮೇಲೆ ಹರಡಿದಳು. ಶ್ಯಾಮಲಮ್ಮ ಧಾರೆ ಸೀರೆಯ ಮೇಲೆ ನಿನ್ನ ಕಾಗದ ಇಟ್ಟು, "ಕನ್ನಡಕ ಮರ್ತು ಬಂದೆ, ನೀನೇ ಓದಮ್ಮ" ಎಂದರು. ಮೊದಲ ಸಾಲಿಗೇ ನಿನ್ನ ಅಕ್ಷರ ಗೊತ್ತಾಯಿತು. ಆದರೂ ಪೂರ್ತಿ ಓದಿದೆ, ಗಟ್ಟಿಯಾಗಿ, ನಿನ್ನ ಹೆಸರು, ವಿಳಾಸದವರೆಗೆ.

ಈಗ ನೀನು ತಿಳಿಯಬೇಕಾದದ್ದು ಹೇಳುತ್ತೇನೆ. ಕದಿರೇಶ್‌ಗೆ ನಾನು ಮೊದಲ ಭೇಟಿಯಲ್ಲೇ ಆಂಜಿಯ ರೋಗದ ವಿಷಯ ಹೇಳಿದ್ದೆ. ಜನವರಿಯಲ್ಲಿ ನಾವಿಬ್ಬರೂ ಬೆಂಗಳೂರಿಗೆ ಹೋಗಿ ನನ್ನ ರಕ್ತ ಪರೀಕ್ಷೆಗೆ ಕೊಟ್ಟೆವು. ವರದಿ ಬಂದ ಮೇಲೆಯೇ ಮದುವೆಗೆ ಹೂಂ ಎಂದದ್ದು. ನನ್ನಲ್ಲಿ ಆ ದೋಷ ಇಲ್ಲ. ಶ್ಯಾಮಲಮ್ಮನಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಹೇಳುವುದು ಬೇಡ ಎಂದವರು ಕದಿರೇಶ್ ಅವರೇ. ಆ ದಿನ ಬೀರುವಿನಿಂದ ವರದಿ ತಂದು ಶ್ಯಾಮಲಮ್ಮನ ಮುಂದೆ ಇಟ್ಟೆ. "ಕಾಗ್ದ ಏನಮ್ಮ, ದುಡ್ಡು ಕೊಟ್ರೆ ಯಾರ್ ಬೇಕಾದ್ರೂ ಬರ್ಕೊಡ್ತಾರೆ" ಎಂದರು. ಅವರ ಮಡಿಲಲ್ಲಿ ನಿನ್ನ ಕಾಗದ ಭದ್ರವಾಗಿತ್ತು. ನಾನು ಕದಿರೇಶ್‌ನ ಮುಖ ನೋಡಿದೆ. "ನಿಮ್ಗೆ ಗೊತ್ತಿತ್ತು ಅಂತ ಒಂದ್ ಮಾತು ಹೇಳಿ" ಎಂದೆ. ಅವರು ಸೀರೆಯ ಅಂಚನ್ನು ನೋಡುತ್ತ, "ಅಮ್ಮ ಹೇಳ್ದಂಗೆ" ಎಂದರು.

ಅದನ್ನು ನಾನು ತಡೆದುಕೊಂಡೆ. ಇದನ್ನು ತಡೆಯಲಾಗಲಿಲ್ಲ. ರೋಗ ತಾಯಿಯಿಂದ ಮಗನಿಗೆ ಇಳಿಯುತ್ತದೆ ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲ. ಡಾಕ್ಟರು ಅಪ್ಪನಿಗೆ ಹೇಳಿದ್ದರು, ಅಪ್ಪ ನನಗೆ ಮಾತ್ರ ಹೇಳಿದ್ದರು. ಇಷ್ಟು ವರ್ಷ ಅವಳಿಂದ ಅದೊಂದನ್ನು ಮುಚ್ಚಿಟ್ಟಿದ್ದೆವು. ಊರವರು ಆಡಿಕೊಂಡು ಅವಳ ಕಿವಿಗೆ ಬೀಳದಿರಲೆಂದೇ ಮರದ ಕಥೆ ಕಟ್ಟಿದ್ದು. ಅವಳಿಗೆ ಅದು ತಿಳಿದದ್ದು ನಿನ್ನ ಅಕ್ಷರದಲ್ಲಿ, ನನ್ನ ಬಾಯಿಂದ. ಅವರು ಹೋದ ಮೇಲೆ ಅಮ್ಮ ಸೀರೆಗಳನ್ನು ಮಡಿಸುತ್ತ ಒಂದೇ ಮಾತು ಕೇಳಿದಳು, "ಹಂಗಾದ್ರೆ ನಾನೇ ಕೊಟ್ಟಿದ್ದಾ ಅವ್ನಿಗೆ?" ಆಮೇಲೆ ಇವತ್ತಿನವರೆಗೆ ಮಾತಾಡಿಲ್ಲ. ಅನ್ನ ಕಲಸಿ ಕೈಗೆ ಕೊಟ್ಟರೆ ತಿನ್ನುತ್ತಾಳೆ.

ಇನ್ನೊಂದು. ಆಂಜಿ ನಿನ್ನ ಬಗ್ಗೆ ಹಾಗೆ ಯಾವತ್ತೂ ಹೇಳಿರಲಿಲ್ಲ. ಸಿಟ್ಟಿನಲ್ಲಿ ಕಟ್ಟಿ ಬರೆದೆ. ಶನಿವಾರ ಸಂಜೆಯಿಂದಲೇ ಅವನು ನಿನ್ನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಶುರುಮಾಡುತ್ತಿದ್ದ, ತಲೆ ಬಾಚಿಸಿಕೊಳ್ಳುತ್ತಿದ್ದ. ಮದುವೆಯ ದಿನ ನಿನ್ನ ಕೈ ಹಿಡಿದು ಇದನ್ನು ಹೇಳಿ ಕ್ಷಮೆ ಕೇಳಬೇಕೆಂದಿದ್ದೆ. ಈಗ ಕ್ಷಮೆ ಕೇಳಲು ಹೇಳುತ್ತಿಲ್ಲ. ನೀನು ಇದನ್ನು ತಿಳಿದುಕೊಂಡು ಬದುಕಬೇಕು ಎಂದು ಹೇಳುತ್ತಿದ್ದೇನೆ.

ಏಳು ಮರಿಗಳೂ ಬದುಕಿವೆ. ನೀನು ಬರೆದ ಹಾಗೆಯೇ ಎಲ್ಲ ಮಾಡಿದೆ. ತಿನ್ನದಿದ್ದದ್ದೂ ತಿಂದಿತು. ಕೊಂಡವರಿಗೆಲ್ಲ ಹೇಳಿಯೂ ಆಯಿತು. ಮಾಮೂಲಿ ಬಣ್ಣದ ಮೂರನ್ನು ನಾನು ಇಟ್ಟುಕೊಳ್ಳುತ್ತೇನೆ. ನಿಂಬೆಯನ್ನೂ ಅವನ ಬಣ್ಣದ ನಾಲ್ಕು ಮರಿಗಳನ್ನೂ ಅಪ್ಪನ ಕೈಯಲ್ಲಿ ಈ ಪತ್ರದ ಜತೆ ಕಳಿಸುತ್ತಿದ್ದೇನೆ. ಪ್ರತಿ ವಾರ ಮೈ ಸವರಿ ಗಂಟು ಹುಡುಕುವವಳು ನೀನೇ ಆಗು. ಯಾವುದನ್ನು ಯಾವ ದಿನ ಮಲಗಿಸಬೇಕೆಂದು ತೀರ್ಮಾನ ಮಾಡುವವಳೂ ನೀನೇ ಆಗು. ನಿನಗೆ ಅದು ಚೆನ್ನಾಗಿ ಬರುತ್ತದೆ.

ಅಪ್ಪನನ್ನು ಮಾತಾಡಿಸಬೇಡ.

ಮೌನಿಕಾ


ಮಾಲೂರು
೧೬ ನವೆಂಬರ್ ೨೦೨೫

ಮೌನಿ,

ಆಗಸ್ಟಿನಲ್ಲಿ ಕಳಿಸಿದ ಎರಡೂ ರಿಜಿಸ್ಟರ್ ಪತ್ರಗಳು ವಾಪಸ್ ಬಂದವು. ಶ್ರೀನಿವಾಸಪುರಕ್ಕೆ ಹೋದೆ. ಮನೆಗೆ ಬೇರೆಯವರು ಬಂದಿದ್ದಾರೆ. ಮುನಿಯಲ್ಲಪ್ಪನವರು ಹೊಸ ವಿಳಾಸ ಗೊತ್ತಿದೆ, ಆದರೆ ಕೊಡಬೇಡಿ ಎಂದಿದ್ದಾರೆ ಎಂದರು. ಸಾದಾ ಅಂಚೆಯಲ್ಲಿ ಹಾಕಿದರೆ ತಲುಪಿಸುತ್ತೇನೆ, ಸಹಿ ಗಿಹಿ ಕೇಳಬೇಡಿ ಎಂದರು. ಅದಕ್ಕೆ ಇದು ಸಾದಾ ಪತ್ರ.

ನಿಮ್ಮಪ್ಪ ಆ ದಿನ ಐದು ಡಬ್ಬಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡೇ ಬಸ್ಸಿನಲ್ಲಿ ಬಂದಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಬಿಸಿಲು ಬೀಳುತ್ತದೆಂದು ತಮ್ಮ ಟವೆಲ್ ಹೊದಿಸಿದರು. ನಿನ್ನ ಪತ್ರದ ಕೊನೆಯ ಸಾಲು ಮೊದಲು ಕಣ್ಣಿಗೆ ಬಿತ್ತು, ನೀನು ಹೇಳಿದಂತೆ ನಾನು ಮಾತಾಡಿಸಲಿಲ್ಲ. ಟವೆಲ್ ವಾಪಸ್ ಕೊಡಲು ಹೋದೆ, ಅವರು ತೆಗೆದುಕೊಳ್ಳದೆ ಹೋದರು.

ಮೊದಲ ಗಂಟು ಬಂದದ್ದು ತಿನ್ನದೆ ಕಾಡಿದ್ದ ಆ ಮೂರನೆಯ ಮರಿಗೆ. ಇನ್ನೂ ಆರು ತಿಂಗಳು. ಹೊಟ್ಟೆಯ ಎಡಬದಿಯಲ್ಲಿ ಸಾಸಿವೆಯಷ್ಟು. ಡಾಕ್ಟರು ಕಾದು ನೋಡೋಣ ಎಂದರು. ಮೂರು ವಾರಕ್ಕೆ ಹನ್ನೆರಡಾದವು. ಹೋದ ಮಂಗಳವಾರ ಮಲಗಿಸಿದೆವು. ಕೊನೆಯವರೆಗೆ ಅದು ನನ್ನ ಹೆಬ್ಬೆರಳು ನೆಕ್ಕುತ್ತಿತ್ತು. ಹುಳುವಿನ ರಸ ಇದೆ ಎಂದುಕೊಂಡಿತ್ತೇನೋ.

ಮಾರನೆಯ ದಿನ ರಜೆ ಹಾಕಿ ತಾಯಲೂರಿಗೆ ಹೋದೆ. ನಾನು ಬರೆದದ್ದನ್ನು ನಾನೇ ಅಳಿಸಿ ಬರಬೇಕೆಂದು ಹೋದೆ.

ಶ್ಯಾಮಲಮ್ಮ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಹೆಸರು ಹೇಳಿದ ಕೂಡಲೇ ಎದ್ದು ಕೈ ಹಿಡಿದುಕೊಂಡರು.

"ನೀನೇನಾ ತಲ್ಲಿ! ಬಾ, ಕೂತ್ಕೋ. ನಮ್ ವಂಶ ಉಳಿಸ್ದೋಳು ನೀನು."

"ಇಲ್ಲಮ್ಮ, ನಾನು ಬರೆದಿದ್ದು ತಪ್ಪು. ಮೌನಿಕಾಗೆ ಆ ದೋಷ ಇಲ್ಲ. ಪರೀಕ್ಷೆ ಮಾಡ್ಸಿದಾರೆ. ನಿಮ್ಮ ಮಗನಿಗೂ ಗೊತ್ತು."

"ಇರ್ಲಿ ಬಿಡು. ಮುಗ್ದೋದ್ ಮಾತು. ಮರದಿಂದ ಬಿದ್ದ ಅಂತ ಅಷ್ಟ್ ಚೆನ್ನಾಗಿ ಸುಳ್ ಹೇಳ್ದೋರು ಇನ್ನೇನ್ ಹೇಳಲ್ಲ?"

ನಾನು ಮತ್ತೆ ಹೇಳಿದೆ. ಅರ್ಧ ಗಂಟೆ ಹೇಳಿದೆ. ರಕ್ತದ ವಿಷಯ ಹೇಳಿದೆ, ನಿಮ್ಮಮ್ಮನ ವಿಷಯ ಹೇಳಿದೆ. ಅವರು ಕಡಲೆಕಾಯಿ ಬಿಡಿಸುತ್ತ, ತಲೆ ಆಡಿಸುತ್ತ, ಪಾಪ ಪಾಪ ಎನ್ನುತ್ತ ಎಲ್ಲವನ್ನೂ ಕೇಳಿದರು. ಕದಿರೇಶ್ ಒಳಗಿನಿಂದ ಬಂದವನು ನನ್ನನ್ನು 'ಯಾರು' ಎನ್ನುವಂತೆ ನೋಡಿದ. "ಅದೇ ಕಣೋ, ಕಾಗ್ದ ಬರೆದ ಅಮ್ಮಾಯಿ" ಎಂದರು ತಾಯಿ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಕಾಫಿ ಕೊಟ್ಟರು. ನನ್ನ ಪಕ್ಕ ಸರಿದು ಕೂತು ದನಿ ತಗ್ಗಿಸಿದರು.

"ಆವನಿ ಕಡೆಯಿಂದ ಒಂದ್ ಸಂಬಂಧ ಬಂದದೆ. ಹುಡುಗಿ ಲಕ್ಷಣವಾಗವ್ಳೆ. ಆದ್ರೆ ಅವ್ರ ಚಿಕ್ಕಪ್ಪಂಗೆ ಎರಡೂ ಕಣ್ಣು ಕಾಣಲ್ವಂತೆ. ಪಟಾಕಿ ಸಿಡೀತು ಅಂತಾರೆ. ನಂಗ್ಯಾಕೋ ನಂಬ್ಕೆ ಬರ್ತಿಲ್ಲ. ನೀನು ಆಸ್ಪತ್ರೇಲಿರೋಳು, ಇಂಥದ್ದೆಲ್ಲ ನಿಂಗ್ ತಿಳೀತದೆ. ಸ್ವಲ್ಪ ವಿಚಾರ್ಸಿ ನಂಗೊಂದು ಕಾಗ್ದ ಬರಿ ತಲ್ಲಿ. ಮುಂಚೆ ಬರ್ದಂಗೇ ಬರಿ, ಅಕ್ಷರ ಮುತ್ತಿನಂಗಿರ್ತದೆ."

ಕ್ಯಾಲೆಂಡರಿನ ಹಾಳೆ ಹರಿದು ಹುಡುಗಿಯ ಹೆಸರು, ತಂದೆಯ ಹೆಸರು, ಬೀದಿ ಎಲ್ಲ ನನ್ನ ಕೈಯಲ್ಲೇ ಬರೆಸಿದರು. ನನ್ನಂಥವಳು ಯಾವ ಮುಖದಿಂದ ಬೇಡ ಎನ್ನಲಿ ಎಂದು ತಿಳಿಯಲಿಲ್ಲ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಚೀಟಿ ಮಡಿಚಿ ಬ್ಯಾಗಿಗೆ ಹಾಕಿಕೊಂಡೆ. ಕಾಫಿ ಪೂರ್ತಿ ಕುಡಿದೆ.

ಪವಿತ್ರ